ಶುಭದ ಒಂದು ರೂಪಾಯಿ

ಇಸ್ತ್ರಿ ಅಂಗಡಿಯವಳಿಗೆ ಮಳಿಗೆಯ ಮಾಲೀಕ ಉದ್ದಾನಪ್ಪ ಗಡುವು ಕೊಟ್ಟ. "ಇಪ್ಪತ್ತೈದು ಲಕ್ಷಕ್ಕೆ ಕೊಂಡ್ಕೋ, ಇಲ್ಲಾ ಸೋಮವಾರ ಖಾಲಿ ಮಾಡು. ಚಿನ್ನದಂಥ ಜಾಗ ಇದು!"

ಮರುದಿನ ಗಿರಾಕಿ ಹುಡುಕಲು ಉದ್ದಾನಪ್ಪ ದಲ್ಲಾಳಿಯನ್ನು ಕರೆತಂದಾಗ, ಅವಳು ದಲ್ಲಾಳಿಯ ಎದುರಿಗೇ ಉದ್ದಾನಪ್ಪನನ್ನು ಕೇಳಿದಳು: "ಯಜಮಾನ್ರೇ, ಪಕ್ಕದವರ ಮಳಿಗೆಯೂ ಮಾರಾಟಕ್ಕಿದೆಯಂತೆ. ನೀವಾದ್ರೆ ಎಷ್ಟು ಕೊಡ್ತೀರಿ?"

"ಆ ಗೂಡಿಗಾ? ಗೋಡೆ ಸೋರುತ್ತೆ, ಮುಂದೆ ಚರಂಡಿ. ಹನ್ನೆರಡು ಲಕ್ಷದ ಮೇಲೆ ಒಂದು ರೂಪಾಯಿ ಕೊಟ್ಟರೂ ಮೂರ್ಖತನ!"

"ನಮ್ಮದೂ ಅಷ್ಟೇ ಅಗಲ. ಸೋರೋದು ಎರಡರ ನಡುವಿನ ಗೋಡೆ. ಚರಂಡಿಯೂ ಅದೇ."

ದಲ್ಲಾಳಿ ಕಿಸಕ್ಕನೆ ನಕ್ಕ. ಇನ್ನು ಯಾವ ಗಿರಾಕಿಯೂ ಹನ್ನೆರಡರ ಮೇಲೆ ಏರುವುದಿಲ್ಲವೆಂದು ಉದ್ದಾನಪ್ಪನಿಗೆ ಹೊಳೆಯಿತು. "ಹನ್ನೆರಡಕ್ಕೇ ತಗೊಂಡು ಸಾಯಿ," ಎಂದು ಗೊಣಗಿದ.

"ಶುಭಕ್ಕೆ ಅಂತ ಮೇಲೊಂದು ರೂಪಾಯಿ ಇಡೋಳಿದ್ದೆ," ಎಂದಳು ಅವಳು. "ಮೂರ್ಖತನ ಅಂತ ನೀವೇ ಅಂದ್ರಲ್ಲ!"