ಕಾಡುಪಾಪ ಕಂಡ ನಕ್ಷತ್ರ

ಕೆರೆಯ ಮುದಿ ಹೆಬ್ಬಾತು ನಕ್ಷತ್ರಗಳ ಅಧ್ಯಯನ ನಡೆಸಿತ್ತು. ಚಳಿಗಾಲದಲ್ಲಿ ಕೆರೆಯ ಮೇಲೆ ಮಂಜು ಕವಿದು ಅದಕ್ಕೆ ಆಕಾಶವೇ ಕಾಣುತ್ತಿರಲಿಲ್ಲ. ಹಾಗಾಗಿ ಗುಡ್ಡದ ಮೇಲಿದ್ದ ಗೂಬೆಯನ್ನೂ ಇರುಳಲ್ಲಿ ಮರ ಹತ್ತಿ ಓಡಾಡುವ ದೊಡ್ಡ ಕಣ್ಣಿನ ಕಾಡುಪಾಪವನ್ನೂ ಕರೆಸಿತು.

"ಆ ಕೆಂಪು ನಕ್ಷತ್ರ ತಲೆಮಾರಿಗೊಮ್ಮೆ ಮಂಕಾಗುತ್ತದೆ. ಈ ಸಲ ಅದು ಶುರುವಾಗುವ ರಾತ್ರಿ ನನಗೆ ಗೊತ್ತಾಗಬೇಕು. ಪಕ್ಕದ ನಕ್ಷತ್ರಕ್ಕೆ ಹೋಲಿಸಿ ನೋಡಿ, ಕಂಡದ್ದನ್ನು ಹೇಳಿ. ಒಬ್ಬರನ್ನೊಬ್ಬರು ಮಾತ್ರ ಕೇಳಬೇಡಿ" ಎಂದಿತು.

ಒಂದು ನಡುರಾತ್ರಿ ಕಾಡುಪಾಪಕ್ಕೆ ಕೆಂಪು ನಕ್ಷತ್ರ ಪಕ್ಕದ್ದಕ್ಕಿಂತ ಮಂಕಾಗಿ ಕಂಡಿತು. ತನ್ನ ಕಣ್ಣನ್ನು ನಂಬಲಾರದೆ ಅದು ಗೂಬೆಯ ಮರ ಹತ್ತಿತು.

"ಗೂಬೆಯಣ್ಣ, ಇವತ್ತು ನಕ್ಷತ್ರ ಹೇಗಿತ್ತು?"

"ಕತ್ತಲಾದ ಕೂಡಲೇ ನೋಡಿದೆ. ಎಂದಿನಂತೆಯೇ ಇತ್ತು."

ಇಷ್ಟು ವರ್ಷ ಆಕಾಶ ನೋಡಿದ ಗೂಬೆಗೆ ಕಾಣದ್ದು ತನಗೆ ಕಂಡೀತೇ ಎಂದುಕೊಂಡಿತು ಕಾಡುಪಾಪ. ಬೆಳಿಗ್ಗೆ ಇಬ್ಬರೂ ಹೆಬ್ಬಾತಿಗೆ "ಎಂದಿನಂತೆಯೇ ಇತ್ತು" ಎಂದರು.

ಅಂದಿನಿಂದ ಮೋಡ ಮುಸುಕಿತು. ಕೆಲವು ದಿನಗಳ ಮೇಲೆ ದೂರದಿಂದ ಬಂದ ಬಾತುಗಳು, "ದಾರಿಯುದ್ದಕ್ಕೂ ಆ ನಕ್ಷತ್ರ ಮಂಕಾಗಿಯೇ ಇತ್ತು. ಶುರುವಾದದ್ದು ಎಂದು?" ಎಂದು ಕೇಳಿದವು.

ಕಾಡುಪಾಪ ಮೆಲ್ಲಗೆ ಹೇಳಿತು: "ಅಜ್ಜ, ಮೋಡ ಬರುವ ಹಿಂದಿನ ನಡುರಾತ್ರಿಯೇ ನಾನು ಕಂಡಿದ್ದೆ. ಕತ್ತಲಾದ ಕೂಡಲೇ ನೋಡಿದಾಗ ಎಂದಿನಂತೆಯೇ ಇತ್ತು ಎಂದು ಗೂಬೆಯಣ್ಣ ಹೇಳಿದ್ದಕ್ಕೆ ನಾನೂ ಹಾಗೆಯೇ ಹೇಳಿಬಿಟ್ಟೆ."

"ಸುದ್ದಿ ಕೇಳಿದ ಮೇಲೆ ಎಲ್ಲರೂ ಕಂಡಿರುತ್ತಾರೆ, ಮಗು. ಇದನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳಲಾರೆ."

"ಗೂಬೆಯಣ್ಣ ಹೇಳಿದ್ದೂ ತಪ್ಪಲ್ಲವೇ?"

"ಗೂಬೆ ನೋಡಿದಾಗ ಅದಿನ್ನೂ ಮಂಕಾಗಿರಲಿಕ್ಕಿಲ್ಲ. ತಾನು ಕಂಡದ್ದನ್ನೇ ಅದು ಹೇಳಿತು" ಎಂದಿತು ಹೆಬ್ಬಾತು. "ನಾನು ಕೇಳಿದ್ದು ಇಬ್ಬರನ್ನು. ಉತ್ತರಗಳೂ ಎರಡು ಬಂದವು. ಎರಡೂ ಗೂಬೆಯದೇ."