ಮುಂತಾದವರು

“ಗುರುಗಳೇ, ನಮ್ಮಂಥ ಸಣ್ಣ ಸಮುದಾಯದವರು ಶಾಸನ ಸಭೆಯ ಮುಂದೆ ಹೋದಾಗ ನಮ್ಮದನ್ನಷ್ಟೇ ಕೇಳಬೇಕೋ, ಎಲ್ಲರ ಪರವಾಗಿ ಕೇಳಬೇಕೋ?”

ಕೇಳಿದವನು ಕಾನೂನು ಓದಿದ ಶಿಷ್ಯ. ತನ್ನ ಜನರ ಹಕ್ಕಿಗಾಗಿ ಒಂದು ಮನವಿ ಬರೆದುಕೊಂಡು ಮರುದಿನ ರಾಜಧಾನಿಗೆ ಹೊರಡುವವನಿದ್ದ.

“ಎಲ್ಲರನ್ನೂ ಕಟ್ಟಿಕೊಂಡು ಹೋದರೆ ಯಾರಿಗೂ ಏನೂ ದಕ್ಕುವುದಿಲ್ಲ ಎನ್ನುತ್ತಾರೆ ತಿಳಿದವರು. ಮೊದಲು ನಮ್ಮದಾಗಲಿ, ಉಳಿದವರದು ಆಮೇಲೆ ನೋಡೋಣ ಎನ್ನುತ್ತಾರೆ. ನನಗೂ ಹಾಗೇ ಅನ್ನಿಸುತ್ತದೆ.”

“ಅನ್ನಿಸಿದ ಮೇಲೆ ಕೇಳುವುದೇನು ಬಂತು?” ಎಂದರು ಗುರುಗಳು. ಅವನನ್ನು ಕೂರಿಸಿಕೊಂಡು ಹೇಳತೊಡಗಿದರು.

ಒಂದು ರಾಜ್ಯದಲ್ಲಿ ಸೊಲ್ಲಿನವರು ಎಂಬ ಜನ ಇದ್ದರು. ಅವರದೇ ಒಂದು ಧರ್ಮ. ಗುಡಿಯಿಲ್ಲ, ಗ್ರಂಥವಿಲ್ಲ. ಇದ್ದದ್ದು ಒಂದೇ ನಿಯಮ: ಆಣೆ ಹಾಕಬಾರದು. ಆಣೆ ಹಾಕಿ ಆಡಿದ ಮಾತೇ ನಿಜ ಎಂದರೆ ಉಳಿದ ಮಾತೆಲ್ಲ ಸುಳ್ಳೆಂದು ನಾವೇ ಒಪ್ಪಿಕೊಂಡಂತಾಯಿತು ಎಂಬುದು ಅವರ ನಂಬಿಕೆ. ಮಗುವಿನ ತಲೆ ಮುಟ್ಟಿ ಹೇಳು ಎಂದರೂ ಅವರು ಮುಟ್ಟುತ್ತಿರಲಿಲ್ಲ. ಇವರ ಜೊತೆ ವ್ಯಾಪಾರ ಸಲೀಸು, ಸಂಸಾರ ಕಷ್ಟ ಎಂದು ಊರಿನವರು ತಮಾಷೆ ಮಾಡುತ್ತಿದ್ದರು.

ಅವರಲ್ಲೊಬ್ಬ ಚಾಪೆ ನೇಯುವವನಿದ್ದ. ಅವನಿಗೊಬ್ಬ ತಮ್ಮ. ಒಂದು ಸಂತೆಯ ದಿನ ಮೂವರು ಆ ತಮ್ಮನನ್ನು ಅಡ್ಡಗಟ್ಟಿದರು. ನಮ್ಮ ಆಡು ಕದ್ದವನು ನೀನೇ ಎಂದರು. ಕದ್ದಿಲ್ಲ ಎಂದ. ಹಾಗಾದರೆ ಆಣೆ ಹಾಕು ಎಂದರು. “ಕದ್ದಿಲ್ಲ ಅಂದೆನಲ್ಲ” ಎಂದ. ಕಳ್ಳನಲ್ಲದಿದ್ದರೆ ಆಣೆಗೆ ಯಾಕೆ ಹೆದರುತ್ತೀಯ ಎಂದು ಹೊಡೆದರು. ಅಣ್ಣ ಚಾಪೆಯ ಹೊರೆ ಹೊತ್ತು ಬರುತ್ತಿದ್ದವನು ಎಲ್ಲವನ್ನೂ ಕಣ್ಣಾರೆ ಕಂಡ. ಹೊರೆ ಎಸೆದು ಓಡಿ ಬರುವಷ್ಟರಲ್ಲಿ ತಮ್ಮನ ಉಸಿರು ನಿಂತಿತ್ತು. ಸಂಜೆ ಹೊತ್ತಿಗೆ ಆಡು ತಾನಾಗಿ ಕೊಟ್ಟಿಗೆಗೆ ಬಂತು.

ಸಂತೆಯಲ್ಲಿ ಇನ್ನೂ ನೂರು ಜನ ಕಂಡಿದ್ದರು. ಮೊಕದ್ದಮೆ ನಡೆಯುವ ಹೊತ್ತಿಗೆ ಅವರಿಗೆಲ್ಲ ಮರೆತುಹೋಗಿತ್ತು. ಉಳಿದ ಸಾಕ್ಷಿ ಅಣ್ಣನೊಬ್ಬನೇ. ಪ್ರಮಾಣ ಮಾಡು ಎಂದರು ನ್ಯಾಯಾಧೀಶರು. ಪ್ರಮಾಣ ಮಾಡುವುದಿಲ್ಲ, ಕಂಡದ್ದನ್ನು ಹೇಳುತ್ತೇನೆ ಎಂದ ಅವನು.

ಆ ರಾಜ್ಯದ ಕಾನೂನಿನಲ್ಲಿ ಇದಕ್ಕೆ ಒಂದು ಸಣ್ಣ ದಾರಿ ಇತ್ತು. ‘ಸನ್ಯಾಸಿಗಳು, ಫಕೀರರು ಮುಂತಾದವರು ಪ್ರಮಾಣವಿಲ್ಲದೆಯೂ ಸಾಕ್ಷಿ ನುಡಿಯಬಹುದು’ ಎಂದು ಬರೆದಿತ್ತು. ಅವನ ವಕೀಲ ಅದನ್ನು ತೋರಿಸಿದ. ನ್ಯಾಯಾಧೀಶರು ಕನ್ನಡಕ ಸರಿಮಾಡಿಕೊಂಡರು.

“ನೀನು ಸನ್ಯಾಸಿಯೇನು?”

“ಅಲ್ಲ ಸ್ವಾಮಿ.”

“ಫಕೀರನೇನು?”

“ಅಲ್ಲ.”

“ಮುಂತಾದವರು ಅಂದರೆ ನೀನೇ ಅಂತ ಎಲ್ಲಿ ಬರೆದಿದೆ?”

ಎಲ್ಲೂ ಬರೆದಿರಲಿಲ್ಲ. ಬೇರೆ ನ್ಯಾಯಾಧೀಶರಾಗಿದ್ದರೆ ಬಿಡುತ್ತಿದ್ದರೋ ಏನೋ. ಆ ಪದದ ಬಾಗಿಲು ತೆಗೆಯುವುದೂ ಹಾಕುವುದೂ ಪೀಠದ ಮೇಲೆ ಕೂತವರ ಮರ್ಜಿ. ಮೂವರೂ ಬಿಡುಗಡೆಯಾಗಿ ಬಂದು ಸಂತೆಯಲ್ಲಿ ಅವನ ಎದುರಿಗೇ ವೀಳ್ಯ ಹಾಕಿಕೊಂಡರು. ಒಂದು ಆಣೆ ಹಾಕಿದ್ದರೆ ಅವರು ಒಳಗಿರುತ್ತಿದ್ದರು. ಆದರೆ ತಮ್ಮ ಯಾವುದಕ್ಕೆ ಜೀವ ಕೊಟ್ಟನೋ ಅದನ್ನೇ ಬಿಟ್ಟುಕೊಟ್ಟು ತಮ್ಮನಿಗೆ ನ್ಯಾಯ ಕೊಡಿಸುವುದು ಅವನಿಂದ ಆಗಲಿಲ್ಲ.

ಅಂದಿನಿಂದ ಚಾಪೆಯವನಿಗೆ ಆ ಪದದ ಮೇಲೆ ಸಿಟ್ಟು. ಮೂವರ ಮೇಲಿದ್ದದ್ದಕ್ಕಿಂತ ಹೆಚ್ಚಿನ ಸಿಟ್ಟು ಎಂದರೂ ತಪ್ಪಲ್ಲ. ಹೆಸರು ಹಿಡಿದು ಕರೆಯದೆ ‘ಇನ್ನೂ ಯಾರೋ ಇದ್ದಾರಲ್ಲ, ಅವರೂ ಬರಲಿ’ ಎಂದು ಊಟಕ್ಕೆ ಕರೆದ ಹಾಗೆ ಅನ್ನಿಸುತ್ತಿತ್ತು ಅವನಿಗೆ. ಕೂತು ಒಂದು ಮನವಿ ಬರೆದ. ‘ಮುಂತಾದವರು ಎಂಬ ಪದವನ್ನು ತೆಗೆದು ಆ ಜಾಗದಲ್ಲಿ ಸೊಲ್ಲಿನವರು ಎಂದು ಬರೆಯತಕ್ಕದ್ದು.’ ಅವನ ಹಿರಿಯರು ಓದಿ ಒಪ್ಪಿದರು. ಮನವಿ ಹಿಡಿದು ಅವನು ರಾಜಧಾನಿಗೆ ಹೋದ.

ಏಳು ವರ್ಷ ಓಡಾಡಿದ. ಎಷ್ಟು ಸದಸ್ಯರ ಮನೆಯ ಜಗಲಿಯಲ್ಲಿ ಕೂತನೋ ಲೆಕ್ಕವಿಲ್ಲ. ಒಬ್ಬ ಸದಸ್ಯರು, “ನನ್ನ ಕ್ಷೇತ್ರದಲ್ಲಿ ನಿಮ್ಮ ಜನ ಎಷ್ಟಿದ್ದಾರೆ?” ಎಂದು ಕೇಳಿದರು. ಬೇರೆಯವನಾಗಿದ್ದರೆ ಹನ್ನೊಂದು ಸಾವಿರ ಎನ್ನುತ್ತಿದ್ದ. ಇವನು, “ಹನ್ನೊಂದು ಸ್ವಾಮಿ. ಅದರಲ್ಲಿ ಮೂವರು ಮಕ್ಕಳು” ಎಂದ. ಆ ಸದಸ್ಯರು ಅವತ್ತೇ ಒಳಗೆ ಹೋದವರು ಮತ್ತೆ ಅವನಿಗೆ ಕಾಣಿಸಲಿಲ್ಲ. ಕೆಲವರು ಅಯ್ಯೋ ಪಾಪ ಎಂದರು. ಕೆಲವರು ಚುನಾವಣೆ ಮುಗಿಯಲಿ ಎಂದರು. ಚುನಾವಣೆಯೂ ಮುಗಿಯಿತು.

ಕೊನೆಗೆ ವಯಸ್ಸಾದ ಒಬ್ಬ ಸದಸ್ಯೆ ಅವನ ಮಾತನ್ನು ಪೂರ್ತಿ ಕೇಳಿಸಿಕೊಂಡರು. “ಸುಳ್ಳು ಹೇಳೋಕೆ ಬರದವರು ಈ ಊರಲ್ಲಿ ಏಳು ವರ್ಷ ಹೇಗಿದ್ದಿರಪ್ಪ?” ಎಂದರು. ಮಸೂದೆಯನ್ನು ಅವರೇ ಸಭೆಯ ಮುಂದಿಟ್ಟರು. ಅದು ಸಮಿತಿಗೆ ಹೋಯಿತು. ಸಮಿತಿ ಸೇರುವ ದಿನ ಬೆಳಿಗ್ಗೆ ಅವನನ್ನು ಕರೆಸಿ ಕರಡನ್ನು ಕೈಗೆ ಕೊಟ್ಟರು.

‘ಸನ್ಯಾಸಿಗಳು, ಫಕೀರರು ಮತ್ತು ಸೊಲ್ಲಿನವರು.’

ಚಾಪೆಯವನು ಅದನ್ನು ಮೂರು ಸಲ ಓದಿದ. ಕಣ್ಣು ಮಂಜಾಯಿತು. ಕೆಳಗೆ ಇನ್ನೊಂದು ಸಾಲಿತ್ತು. ಪ್ರಮಾಣ ಮಾಡಲಿಲ್ಲ ಎಂಬ ಕಾರಣಕ್ಕೆ ಬಿದ್ದುಹೋದ ಹಳೆಯ ಮೊಕದ್ದಮೆಗಳನ್ನು ಮತ್ತೆ ತೆರೆಯಬಹುದು ಎಂದಿತ್ತು. ತಮ್ಮನ ಮುಖ ಅವನ ಕಣ್ಣ ಮುಂದೆ ಬಂತು.

“ಎದುರು ಪಕ್ಷದವರೂ ಒಪ್ಪಿದ್ದಾರೆ” ಎಂದರು ಸದಸ್ಯೆ. “ನಿಮ್ಮ ಹೆಸರು ಸೇರಿಸೋಕೆ ಅಡ್ಡಿಯಿಲ್ಲ, ಪಟ್ಟಿ ಮಾತ್ರ ಅಲ್ಲಿಗೆ ಮುಗೀಬೇಕು, ಇನ್ಯಾರೂ ಅದರಲ್ಲಿ ನುಸುಳಬಾರದು ಅಂತ ಅವರ ಪಟ್ಟು. ನೀವು ಕೇಳಿದ್ದೂ ಅದನ್ನೇ ತಾನೆ?”

ಅವನು ಕೇಳಿದ್ದೂ ಅದನ್ನೇ. ನಮಸ್ಕಾರ ಮಾಡಿ ಹೊರಗೆ ಬಂದ.

ಸಭೆಯ ಗೇಟಿನ ಬಳಿ ಮಜ್ಜಿಗೆ ಮಾರುವ ಹೆಂಗಸೊಬ್ಬಳು ಕೂರುತ್ತಿದ್ದಳು. ಏಳು ವರ್ಷದಿಂದ ಮುಖ ಪರಿಚಯ. ಮಧ್ಯಾಹ್ನದ ಬಿಸಿಲಿನಲ್ಲಿ ಅವನು ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತ. ಅವಳು ಲೋಟ ತುಂಬಿಸಿ ಕೊಟ್ಟಳು.

“ಏನಣ್ಣ, ಇವತ್ತು ಮುಖ ಅರಳಿದೆ?”

“ಕಾನೂನಲ್ಲಿ ನಮ್ಮ ಜನದ ಹೆಸರು ಬರುತ್ತೆ ಅಕ್ಕ.”

“ಒಳ್ಳೇದಾಯ್ತು ಬಿಡಣ್ಣ. ನಮ್ಮದು ಆಗಲೇ ಇದೆ.”

“ನಿಮ್ಮದಾ? ಏನಂತ ಇದೆ?”

“ಮುಂತಾದವರು ಅಂತ.”

ಅವನು ನಕ್ಕ. ಅವಳು ನಗಲಿಲ್ಲ. ಆಮೇಲೆ ಅವಳು ಹೇಳಿದ್ದು ಇಷ್ಟು. ಊರ ಹೊರಗಿನ ಗುಡ್ಡದ ಬುಡದಲ್ಲಿ ಅವರದು ನಲವತ್ತು ಮನೆ. ದೇವರ ಹೆಸರನ್ನು ಬಾಯಿಬಿಟ್ಟು ಹೇಳುವುದು ಅವರಲ್ಲಿ ಮಹಾಪಾಪ. ಹೆಸರು ಹೇಳದೆ ಪ್ರಮಾಣ ಮಾಡುವುದೆಲ್ಲಿ ಬಂತು? ಅವರನ್ನು ಒಬ್ಬೊಬ್ಬರು ಒಂದೊಂದು ಹೆಸರಿನಿಂದ ಕರೆಯುತ್ತಿದ್ದರು, ಯಾವುದೂ ಮರ್ಯಾದೆಯ ಹೆಸರಲ್ಲ. ಹೋದ ವರ್ಷ ಅವಳ ಗಂಡನ ಮೇಲೆ ಯಾರೋ ಕಳ್ಳತನ ಹೊರಿಸಿದರು. ಇವಳು ಸಾಕ್ಷಿ ಹೇಳಲು ಹೋದಳು. ಅಲ್ಲಿದ್ದ ನ್ಯಾಯಾಧೀಶರು ಒಳ್ಳೆಯವರು. ಪುಸ್ತಕ ತಿರುವಿ ದಾರಿ ಹುಡುಕಿದರು.

“ಇಲ್ಲಿದ್ದೀರಿ ನೋಡಿ ನೀವು ಅಂತ ಬೆರಳಿಟ್ಟು ತೋರಿಸಿದ್ರಣ್ಣ. ನನಗೆ ಓದೋಕೆ ಬರಲ್ಲ. ಆದ್ರೂ ಕಣ್ತುಂಬಾ ನೋಡ್ಕೊಂಡು ಬಂದೆ. ಉದ್ದಕ್ಕೆ ಇದೆ ನಮ್ಮ ಹೆಸರು.”

ಚಾಪೆಯವನ ಕೈಯಲ್ಲಿ ಲೋಟ ಹಾಗೇ ಇತ್ತು. ಅವನು ಸುಳ್ಳು ಹೇಳಲಿಲ್ಲ, ಆ ಪದವೇ ಹೋಗಲಿದೆ ಎಂದೂ ಹೇಳಲಿಲ್ಲ. ಕೇಳದೆ ಇದ್ದದ್ದನ್ನು ಹೇಳಬೇಕು ಎಂಬ ನಿಯಮ ಅವನ ಧರ್ಮದಲ್ಲಿ ಇರಲೂ ಇಲ್ಲ. ಮಜ್ಜಿಗೆ ಕುಡಿದು ಲೋಟ ತೊಳೆದಿಟ್ಟ. ಎದ್ದವನು ನೇರ ಸದಸ್ಯೆಯ ಬಳಿಗೆ ಹೋದ.

“ಅಮ್ಮಾ, ನಮ್ಮ ಹೆಸರೂ ಇದ್ದು ಆ ಪದವೂ ಉಳಿಯೋಕೆ ಆಗಲ್ವೇ?”

“ಆಗುತ್ತೆ. ಈ ಸಲ ಆಗಲ್ಲ” ಎಂದರು ಅವರು. “ಎದುರು ಪಕ್ಷದವರು ಕೈ ಬಿಡ್ತಾರೆ, ಮಸೂದೆ ಬೀಳುತ್ತೆ. ಇನ್ನೊಂದು ಅಧಿವೇಶನ, ಎರಡು ಅಧಿವೇಶನ ಕಾಯಬೇಕು. ಆಗ ನಾನು ಇರ್ತೀನೋ ಇಲ್ವೋ. ಮನವಿ ನಿಮ್ಮದು. ನೀವು ಏನಂತೀರೋ ಅದು.”

ಸಮಿತಿ ಸೇರುವುದಕ್ಕೆ ಇನ್ನೂ ಎರಡು ಗಂಟೆ ಇತ್ತು. ಅವನು ಹೊಂಗೆಯ ನೆರಳಿನಲ್ಲಿ ಕೂತ. ನಲವತ್ತೇ ಮನೆ, ಅವರೂ ಬಂದು ಕೇಳಿಕೊಳ್ಳಲಿ ಎಂದುಕೊಂಡ. ಏಳು ವರ್ಷ ನಮ್ಮ ಜೊತೆ ಯಾರು ಬಂದಿದ್ದರು ಎಂದುಕೊಂಡ. ಮೊದಲು ನಾವು ಒಳಗೆ ಕಾಲಿಟ್ಟರೆ ಅವರನ್ನೂ ಕೈ ಹಿಡಿದು ಎಳೆದುಕೊಳ್ಳಬಹುದು ಎಂದುಕೊಂಡ. ಬರೆದುಕೊಟ್ಟ ಮಾತಿನಿಂದ ಹಿಂದೆ ಸರಿದರೆ ನಾನು ಸೊಲ್ಲಿನವನು ಹೇಗಾದೇನು ಎಂದೂ ಕೇಳಿಕೊಂಡ. ಒಂದೊಂದು ಮಾತೂ ಸರಿಯಾಗಿಯೇ ಇತ್ತು. ಆದರೂ ಆ ಹೆಂಗಸು ಕೂತಿದ್ದ ಕಡೆಗೆ ತಲೆಯೆತ್ತಿ ನೋಡಲು ಅವನಿಂದ ಆಗಲಿಲ್ಲ.

ಸಮಿತಿಯ ಮುಂದೆ ಅವನನ್ನು ನಿಲ್ಲಿಸಿದರು. ಅಧ್ಯಕ್ಷರು, “ಮುಂತಾದವರು ಎಂಬ ಪದವನ್ನು ತೆಗೆಯುವುದಕ್ಕೆ ನಿಮ್ಮ ಒಪ್ಪಿಗೆ ಇದೆಯೇ? ನಿಮ್ಮ ಮಾತಿಗೆ ಆಣೆ ಬೇಕಿಲ್ಲವಂತಲ್ಲ” ಎಂದು ನಕ್ಕು ಕೇಳಿದರು.

“ಇದೆ” ಎಂದ ಚಾಪೆಯವನು.

ಕಾನೂನು ಬಂತು. ಸೊಲ್ಲಿನವರ ಮನೆಮನೆಯಲ್ಲೂ ಪಾಯಸ ಮಾಡಿದರು. ಹಿರಿಯರು ಅವನನ್ನು ಎದುರುಗೊಂಡು ಕರೆತಂದರು. ಹಳೆಯ ಮೊಕದ್ದಮೆ ರಾಜಧಾನಿಯ ನ್ಯಾಯಾಲಯದಲ್ಲಿ ಮತ್ತೆ ತೆರೆಯಿತು. ಅವನು ಕಟಕಟೆಯಲ್ಲಿ ನಿಂತು, ಯಾವ ಆಣೆಯೂ ಇಲ್ಲದೆ, ಕಂಡದ್ದನ್ನು ಕಂಡಂತೆ ಹೇಳಿದ. ಮೂವರಿಗೂ ಶಿಕ್ಷೆಯಾಯಿತು. ತೀರ್ಪು ಕೇಳಿ ಹೊರಗಿನ ಜಗಲಿಗೆ ಬಂದು ಕೂತು, ಎಂಟು ವರ್ಷದಿಂದ ತಡೆದುಕೊಂಡಿದ್ದ ಅಳುವನ್ನು ಅತ್ತ. ಅವನ ಜೀವ ಹಗುರವಾಯಿತು. ಅದರಲ್ಲಿ ತಪ್ಪೇನೂ ಇಲ್ಲ.

ಒಳಗಿನಿಂದ ಜನ ನಗುವುದು ಕೇಳಿಸಿತು. ಏನೆಂದು ನೋಡಲು ಬಾಗಿಲಿಗೆ ಬಂದ. ಮುಂದಿನ ಮೊಕದ್ದಮೆ ಶುರುವಾಗಿತ್ತು. ಕಟಕಟೆಯಲ್ಲಿ ಮಜ್ಜಿಗೆಯವಳು ನಿಂತಿದ್ದಳು. ಅವಳ ಮಗಳ ಗುಡಿಸಲಿಗೆ ಯಾರೋ ಬೆಂಕಿಯಿಟ್ಟಿದ್ದರು. ಇಟ್ಟವರನ್ನು ಕಂಡವಳು ಇವಳೊಬ್ಬಳೇ. ಯಾವ ಪಂಗಡದವರು ಎಂದು ಕೇಳಿದ್ದಕ್ಕೆ ಅವಳು ಗಟ್ಟಿ ದನಿಯಲ್ಲಿ, “ಮುಂತಾದವರು, ಸ್ವಾಮಿ” ಎಂದಿದ್ದಳು.

ನ್ಯಾಯಾಧೀಶರು ನಗುವವರನ್ನು ಸುಮ್ಮನಿರಿಸಿ ಪುಸ್ತಕ ನೋಡಿದರು. “ಅಂಥ ಹೆಸರು ಇದರಲ್ಲಿಲ್ಲವಲ್ಲಮ್ಮ” ಎಂದರು.

“ಇದೆ ಸ್ವಾಮಿ. ಫಕೀರರು ಆದ ಮೇಲೆ ನೋಡಿ. ನಾನೇ ನೋಡಿದ್ದೀನಿ.”

ಅವರು ಮತ್ತೊಮ್ಮೆ ನೋಡಿದರು. ತಲೆಯಾಡಿಸಿದರು. ಅವಳು ಗಾಬರಿಯಾಗಿ ಸುತ್ತ ನೋಡಿದಳು. ಬಾಗಿಲಲ್ಲಿ ಚಾಪೆಯವನು ಕಂಡ. ಅವಳ ಮುಖಕ್ಕೆ ಜೀವ ಬಂತು.

“ಆ ಅಣ್ಣನ್ನ ಕೇಳಿ ಸ್ವಾಮಿ. ಅವರಿಗೆ ಗೊತ್ತು. ಸುಳ್ಳಾಡೋ ಜನ ಅಲ್ಲ ಅವರು.”

ನ್ಯಾಯಾಧೀಶರಿಗೂ ಅದು ಗೊತ್ತಿತ್ತು. ಆಗಷ್ಟೇ ಅವನ ಮಾತಿನ ಮೇಲೆ ಮೂವರಿಗೆ ಶಿಕ್ಷೆ ಕೊಟ್ಟಿದ್ದರು. ಅವನನ್ನು ಮುಂದಕ್ಕೆ ಕರೆದರು.

“ಈಕೆ ಹೇಳುವ ಪದ ಕಾನೂನಿನಲ್ಲಿ ಇತ್ತೇ?”

“ಇತ್ತು.”

“ಈಗ ಇದೆಯೇ?”

“ಇಲ್ಲ.”

“ತೆಗೆಸಿದವರು ಯಾರು?”

“ನಾನು.”

“ತೆಗೆದರೆ ಈಕೆ ಸಾಕ್ಷಿ ನುಡಿಯುವಂತಿಲ್ಲ ಎಂದು ಗೊತ್ತಿತ್ತೇ?”

ಸುಳ್ಳು ಹೇಳಲು ಅವನಿಗೆ ಬರುತ್ತಿರಲಿಲ್ಲ.

“ಗೊತ್ತಿತ್ತು.”

ಪ್ರಮಾಣವಿಲ್ಲದೆ ನುಡಿದ ಆ ಮಾತನ್ನು ಒಂದಕ್ಷರವೂ ಬಿಡದೆ ಬರೆದುಕೊಂಡರು. ಹೆಂಗಸು ಅವನನ್ನು ಬೈಯಲಿಲ್ಲ. ಕಟಕಟೆಯಿಂದ ಇಳಿದು ಹೋದಳು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಅವರು ಮುಂದುವರಿಸುವಂತೆ ಕಾಣಲಿಲ್ಲ.

“ಆಮೇಲೆ ಏನಾಯಿತು ಗುರುಗಳೇ? ಅವಳ ಪರವಾಗಿ ಯಾರಾದರೂ ಸಭೆಗೆ ಹೋದರೇ?”

“ನಾಳೆ ಒಯ್ಯುವ ಮನವಿಯನ್ನು ಗಟ್ಟಿಯಾಗಿ ಓದಪ್ಪ, ಅವಳಂಥವರು ಬರುವ ಸಾಲು ಸಿಕ್ಕಿದ ಕಡೆ ನಿನ್ನನ್ನು ನಿಲ್ಲಿಸುತ್ತೇನೆ” ಎಂದರು ಗುರುಗಳು.

ಶಿಷ್ಯ ಕಾಗದ ತೆರೆದ. ಓದಲಿಲ್ಲ.