ನಡುಗಡ್ಡೆಯ ಕೋಟೆ ಕಿತ್ತವನು

"ಗುರುಗಳೇ, ನಮ್ಮ ಅಣ್ಣತಮ್ಮಂದಿರ ಒಟ್ಟುಮನೆ ಮುರಿದುಹೋಯಿತು. ಮುರಿದವನು ನಿರ್ವಂಶವಾಗಲಿ ಎಂದು ದೇವರಲ್ಲಿ ಬೇಡಿಕೊಂಡರೆ ತಪ್ಪೇ?" ಎಂದು ಶಿಷ್ಯನೊಬ್ಬ ಸಿಟ್ಟಿನಿಂದ ಕೇಳಿದ.

ಗುರುಗಳು ತಪ್ಪೆಂದೂ ಹೇಳಲಿಲ್ಲ, ಸರಿಯೆಂದೂ ಹೇಳಲಿಲ್ಲ. ಹತ್ತಿರ ಕೂರಿಸಿಕೊಂಡು ಕತೆ ಹೇಳಿದರು.

ಒಂದು ಬಂದರಿನ ಬಾಯಿಯಲ್ಲಿ ಸಣ್ಣ ನಡುಗಡ್ಡೆಯಿತ್ತು. ಕಡಲುಗಳ್ಳರ ಕಾಟ ತಡೆಯಲೆಂದು ಹಿಂದಿನ ಅರಸ ಅದರ ಸುತ್ತ ಕಲ್ಲಿನ ಕೋಟೆ ಕಟ್ಟಿಸಿದ್ದ. ಒಳಗೆ ದೇವಿಯ ಗುಡಿ, ನಾಲ್ಕಾರು ಅಂಬಿಗರ ಮನೆ. ಕಾಲ ಸರಿಯಿತು. ಅರಸನೂ ಹೋದ, ಕಾವಲಿನವರೂ ಹೋದರು. ಗುಡಿಯ ತಾಯಿ ಮಾತ್ರ ತನ್ನ ಮಕ್ಕಳಾದ ಅಂಬಿಗರನ್ನು ಬಿಟ್ಟು ಹೋಗಲಿಲ್ಲ.

ಒಂದು ಮುಂಜಾನೆ ಕಳ್ಳರು ಬಂದೇಬಿಟ್ಟರು. ತಡೆಯಲು ಕೋಟೆ ಎಲ್ಲಿತ್ತು? ಮೊಣಕಾಲೆತ್ತರದ ಕಲ್ಲಿನ ಸಾಲಷ್ಟೇ ಉಳಿದಿತ್ತು. ಅದನ್ನು ದಾಟಿ ಬಂದು ಇದ್ದಬದ್ದದ್ದನ್ನೆಲ್ಲ ದೋಚಿದರು. ಒಬ್ಬ ಅಂಬಿಗನ ಮಗ ಅಡ್ಡ ಹೋದಾಗ ಅವನನ್ನು ಕಡಿದು ಹಾಕಿದರು.

ಮಗನನ್ನು ಮಣ್ಣು ಮಾಡಿ ಬಂದ ಅಂಬಿಗನ ಕಣ್ಣಲ್ಲಿ ನೀರಿರಲಿಲ್ಲ, ಬೆಂಕಿಯಿತ್ತು. ಕಳ್ಳರು ಕಳ್ಳರೇ, ಅವರನ್ನು ಬೈದು ಏನು ಫಲ? ಕೋಟೆ ನಿಂತಿದ್ದರೆ ಮಗ ಉಳಿಯುತ್ತಿದ್ದ. ಅದನ್ನು ಕಿತ್ತ ಪಾಪಿ ಯಾರು? ಅವನು ತೆಂಗಿನಕಾಯಿ ಹಿಡಿದು ಗುಡಿಗೆ ನಡೆದ. ಆ ತಾಯಿಯ ಮುಂದೆ ಕಾಯಿ ಒಡೆದು ಆಡಿದ ಮಾತು ಹುಸಿಯಾಗದು ಎಂಬುದು ಅಲ್ಲಿಯವರ ನಂಬಿಕೆ. ಕಾಯಿ ಮೇಲೆತ್ತಿ, "ತಾಯೀ, ಈ ಕೋಟೆ ಕಿತ್ತವನ ಮನೆಯಲ್ಲಿ ದೀಪ ಹಚ್ಚಲು ಒಂದು ಕುಡಿಯೂ..." ಎನ್ನುವಷ್ಟರಲ್ಲಿ ಹೆಂಡತಿ ಓಡಿ ಬಂದು ಅವನ ಕೈ ಹಿಡಿದಳು. ಅವಳ ಸೊಂಟದಲ್ಲಿ ಎಳೆಯ ಮಗಳಿದ್ದಳು.

"ಸ್ವಲ್ಪ ತಡೀರಿ. ಅಕ್ಕಿ ತರಲು ಪೇಟೆಗೆ ಖಾಲಿ ದೋಣಿ ಬಿಡುವಾಗ ಅದು ಹೊಯ್ದಾಡದ ಹಾಗೆ ತಳಕ್ಕೆ ಭಾರ ಏನು ಹಾಕುತ್ತಿದ್ದಿರಿ?"

"ಕಲ್ಲು. ಪೇಟೆ ಮುಟ್ಟಿದ ಮೇಲೆ ನೀರಿಗೆ ಎಸೆದು ಅಕ್ಕಿ ತುಂಬುವುದು. ಅದಕ್ಕೇನೀಗ?"

"ಎಲ್ಲಿಯ ಕಲ್ಲು?"

"ಕೋಟೆಯಿಂದ ಬಿದ್ದದ್ದು ಕಣೇ! ತಾನಾಗಿ ಬಿದ್ದದ್ದು!"

"ತಾನಾಗಿ ಬಿದ್ದ ಕಲ್ಲಿಗೆ ಹಾರೆ ಯಾಕೆ ಒಯ್ಯುತ್ತಿದ್ದಿರಿ?"

ಅಂಬಿಗನ ಸಿಟ್ಟು ಇನ್ನಷ್ಟು ಏರಿತು. "ನಾನೊಬ್ಬನೇ ಏನು? ನನ್ನಪ್ಪ ಒಯ್ದ, ಅವನಪ್ಪ ಒಯ್ದ, ಊರಿಗೆ ಊರೇ ಒಯ್ದಿದೆ!"

"ಒಯ್ದಿರಲಿ. ಹೆತ್ತ ಹೊಟ್ಟೆ ನನ್ನದೂ ಉರಿಯುತ್ತಿದೆ. ನೀವು ಶಾಪ ಹಾಕಿ, ನಾನು ಬೇಡ ಅನ್ನುವುದಿಲ್ಲ. ಆ ಶಾಪ ನಮ್ಮ ಮನೆಗೇ ಬಂದಾಗ ಈ ಕೂಸನ್ನು ಎಲ್ಲಿ ಬಚ್ಚಿಡಲಿ, ಅಷ್ಟು ಹೇಳಿ."

ಎತ್ತಿದ ಕೈ ಎತ್ತಿದಂತೆಯೇ ನಿಂತಿತು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ. "ಅವನು ಕಾಯಿ ಒಡೆದನೇ, ಇಲ್ಲವೇ?" ಎಂದು ಕೇಳಿದ.

"ಒಡೆದನಪ್ಪಾ, ಕೋಟೆ ಕಿತ್ತವನ ಮಗು ನೂರು ವರ್ಷ ಬಾಳಲಿ ಎಂದು ಬೇಡಿ ಒಡೆದ," ಎಂದರು ಗುರುಗಳು.

ಒಟ್ಟುಮನೆಯಿಂದ ತಾನು ಕಿತ್ತ ಕಲ್ಲುಗಳೆಷ್ಟೆಂದು ಎಣಿಸುತ್ತ ಶಿಷ್ಯ ಎದ್ದು ಹೊರಟ.